ಈಶಾನ್ಯ ಕಂಬದ ಮೂರು ಗೆರೆ

ಮುದ್ದೇಬಿಹಾಳ
ಕಾರ್ತಿಕ ಸೋಮವಾರ, ೧೮-೧೧-೨೦೨೪

ನಿಡಗುಂದಿಯ ಶಹಾಬುದ್ದೀನರಿಗೆ, ಬಾಲ್ಯಮಿತ್ರ ಬಸಂತರಾಯನ ಅನಂತ ಶರಣಾರ್ಥಿ.

ಶಿವಕೃಪೆಯಿಂದ ನಾನೂ ಮಡದಿ ಹೊನ್ನವ್ವನೂ ಕ್ಷೇಮವಾಗಿದ್ದೇವೆ. ನಿಮ್ಮ ಮೊಣಕಾಲಿನ ನೋವು ಚಳಿಗೆ ಹೆಚ್ಚಿತೋ ಹೇಗೆ? ಸೈದಾಬಿಯವರ ಆರೋಗ್ಯದ ಬಗೆಗೂ ಬರೆಯಿರಿ. ನಿಮ್ಮ ಕಾಗದ ಬಂದು ಬಹಳ ದಿನವಾದರೂ ಉತ್ತರಿಸಲಿಲ್ಲ, ಮನ್ನಿಸಬೇಕು. ಬರೆಯಲು ಕುಳಿತಾಗಲೆಲ್ಲ ಎಲ್ಲಿಂದ ಆರಂಭಿಸಲೆಂದು ತೋಚದೆ ಲೇಖನಿಯನ್ನು ಕೆಳಗಿಡುತ್ತಿದ್ದೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನನ್ನ ಕಿವಿ ಮಂದವಾಗಿದೆ. ಅಲ್ಲದೆ ಇದು ಕೂಗಿ ಆಡುವ ಮಾತೂ ಅಲ್ಲ.

ನಿಮ್ಮ ಮಗಳು ಇರಮಳನ್ನು ಪ್ರಸಾದ ನಿಲಯದ ಕೆಲಸದಿಂದ ಬಿಡಿಸುತ್ತಾರೆಂಬ ಸುದ್ದಿ ನಿಮ್ಮನ್ನು ಮುಟ್ಟಿರಬೇಕು. ಬಿಡಿಸಲಿಲ್ಲ. ಇದನ್ನು ಮೊದಲು ಓದಿ ಸಮಾಧಾನ ತಾಳಿರಿ, ನಡೆದದ್ದನ್ನು ಆಮೇಲೆ ಹೇಳುತ್ತೇನೆ.

ನಿಲಯದ ಊಟದ ಮನೆಯ ಕಂಬಗಳನ್ನು ನೀವು ತರುಣ ಗುತ್ತಿಗೆದಾರರಾಗಿದ್ದಾಗ ಬಿಸಿಲಲ್ಲಿ ನಿಂತು ಎರಕ ಹಾಕಿಸಿದವರು. ಈಗ ಓದುವ ಹೆಣ್ಣುಮಕ್ಕಳಿಗಾಗಿ ಮೇಲೊಂದು ಅಂತಸ್ತು ಬೇಕಾಯಿತು. ಕಂಬಗಳು ಆ ಭಾರ ತಡೆದಾವೇ ಎಂದು ಪರೀಕ್ಷಿಸಲು ಬಾಗೇವಾಡಿಯಿಂದ ಎಂಜಿನಿಯರಾಗಿ ಬಂದವಳು ಇರಮ. "ನಮ್ಮ ಅಬ್ಬಾ ಒಂದ ಅಂತಸ್ತಿಗಂತ ಮಾಡಿದ್ದು ಬರೋಬ್ಬರಿ ಐತ್ರಿ ಕಾಕಾ. ಈಗ ನೀವು ಮ್ಯಾಲ ಇನ್ನೊಂದು ಹೊರಸಾಕತ್ತೀರಿ, ಅದಕ್ಕ ಬಲಾ ಸಾಲಂಗಿಲ್ಲ" ಎಂದಳು. ಕಂಬಗಳನ್ನು ಒಡೆಯದೆ, ಕಾರ್ಬನ್ ನೂಲಿನ ಕಪ್ಪು ಬಟ್ಟೆಯನ್ನು ಎಪಾಕ್ಸಿ ಎಂಬ ಅಂಟಿನಲ್ಲಿ ತೋಯಿಸಿ ಸುತ್ತ ಬಿಗಿಯುವುದೆಂದು ನಿಶ್ಚಯವಾಯಿತು.

ಬಟ್ಟೆಯು ಕಂಬವನ್ನು ಹೇಗೆ ಬಲಪಡಿಸೀತೆಂದು ನನ್ನ ಬುದ್ಧಿಗೆ ಇಂದಿಗೂ ಪೂರ್ಣ ಹೊಳೆದಿಲ್ಲ. ಇರಮ ನಕ್ಕು, "ಅಡತಿ ಬಜಾರದಾಗ ಹಮಾಲರು ಚೀಲ ಎತ್ತೂಕಿಂತ ಮೊದ್ಲ ನಡಾ ಬಿಗಕೋತಾರಲ್ರಿ? ಭಾರ ಬಿದ್ದಾಗ ಕಂಬ ಮಗ್ಗಲಿಗೆ ಉಬ್ಬಾಕ ನೋಡ್ತೈತಿ. ಈ ಬಟ್ಟಿ ಉಬ್ಬಾಕ ಬಿಡಂಗಿಲ್ಲ" ಎಂದಳು. ತಿಳಿದವನಂತೆ ತಲೆಯಾಡಿಸಿದೆ.

ಗಿಲಾವು ಕೆತ್ತಿ, ಮೂಲೆಗಳನ್ನು ದುಂಡಗೆ ಉಜ್ಜಿ, ಧೂಳು ತೆಗೆದು ಒಂದೊಂದೇ ಕಂಬಕ್ಕೆ ಬಟ್ಟೆ ಸುತ್ತಿದರು. ಅಂಟು ಒಣಗಿದ ಮೇಲೆ ಇರಮ ನಾಣ್ಯದಿಂದ ತಟ್ಟುತ್ತ ಬಂದಳು. ಎಲ್ಲ ಕಂಬಗಳೂ ಗಟ್ಟಿಯಾಗಿ ನುಡಿದವು, ಈಶಾನ್ಯದ ಕಂಬವೊಂದನ್ನುಳಿದು. ಅದು ಮೇಲೆ ಗಟ್ಟಿ, ಕೈಗೆ ಎಟುಕುವಷ್ಟು ಎತ್ತರದವರೆಗೆ ಪೊಳ್ಳು. ಬಟ್ಟೆ ಕಂಬಕ್ಕೆ ಅಂಟಿಯೇ ಇರಲಿಲ್ಲ. ಆಕೆ ಆ ಭಾಗವನ್ನು ತಾನೇ ಕುಯ್ದು ಕಿತ್ತು, ಬಿರುಸಾದ ಹಾಳೆಯನ್ನು ಗೋಡೆಗೊರಗಿಸಿದಳು.

ಕಾರಣ ಯಾರಿಗೂ ತಿಳಿಯಲಿಲ್ಲ. ನಮ್ಮ ಮಂಡಳಿಯ ದುಂಡೇಶನಿಗೆ ಮಾತ್ರ ಕಾರಣ ಬೇಕಿರಲಿಲ್ಲ. "ಅಪ್ಪ ಹಾಕಿದ್ದೂ ಪೊಳ್ಳು, ಮಗಳು ಸುತ್ತಿದ್ದೂ ಪೊಳ್ಳು. ನಮ್ಮವರೊಳಗ ಎಂಜಿನಿಯರ್ ಯಾರೂ ಇಲ್ಲೇನ್ರಿ?" ಎಂದು ಸಭೆ ಕರೆಸಿದ. ಇರಮ ತನ್ನ ಪರವಾಗಿ ಹೇಳಿದ್ದಿಷ್ಟೇ: "ಬಟ್ಟಿ ಸುತ್ತೂ ದಿನಾ ಮುಂಜಾನಿ ನಾ ಬರೂದರಾಗ ಕೆಲಸದವರು ಚಾಲೂ ಮಾಡಿದ್ರು. ನಾ ಮತ್ತೊಮ್ಮಿ ನೋಡಬೇಕಾಗಿತ್ತು. ತಪ್ಪು ನಂದ." ನಿರ್ಣಯ ಮರುದಿನಕ್ಕೆ ಹೋಯಿತು.

ಅಂದು ಸಂಜೆ ಊಟದ ಮನೆಯಲ್ಲಿ ದೀಪ ಹಚ್ಚಲು ಹೋದಾಗ ಗೋಡೆಗೊರಗಿದ್ದ ಆ ಹಾಳೆ ಕಾಲಿಗೆ ತಗುಲಿ ಹೊರಳಿತು. ಅದರ ಒಳಮೈಯಲ್ಲಿ ವಿಭೂತಿಯ ಮೂರು ಗೆರೆ ಮೂಡಿದ್ದವು. ನಡುವಿನ ಗೆರೆ ಮೊಟಕು. ಶಹಾಬುದ್ದೀನರೇ, ನಮ್ಮ ಮನೆಯ ಹೊಸ್ತಿಲಲ್ಲಿ ಆ ಮೊಟಕು ಗೆರೆಯನ್ನು ಪ್ರತಿನಿತ್ಯ ಕಾಣುವವನು ನಾನು. ಹೊನ್ನವ್ವನ ನಡುಬೆರಳು ಪೂರ್ತಿ ಚಾಚದೆಂಬುದು ನಿಮಗೂ ಗೊತ್ತು.

ಮನೆಗೆ ಬಂದು ಕೇಳಿದೆ. "ಹೌದ, ಹಚ್ಚೇನಿ. ಏನ ತಪ್ಪಾತು?" ಎಂದಳು. "ದೇವಮೂಲಿ ಕಂಬಾನ ಬರಿಮೈಲೆ ನಿಲ್ಲಿಸಿದ್ರಿ. ಸೋಮವಾರ ಅದನ್ನ ಹಂಗ ಬಿಡಾಕ ಬರ್ತೈತೇನು? ಒಣಾ ವಿಭೂತಿ ಹತ್ತಲಿಲ್ಲ. ಕೂಸಿಗೆ ಎರಿಯೂ ಮುಂದ ಹಚ್ಚತೀವಲ್ಲ, ಹಂಗ ಸುತ್ತ ಕುಸಬಿ ಎಣ್ಣಿ ಸವರಿ ಮ್ಯಾಲ ಗೆರಿ ಎಳದೆ."

ಎಣ್ಣೆಯ ಮೇಲೆ ಅಂಟು ಹಿಡಿಯದೆಂಬುದು ನನ್ನಂಥವನಿಗೂ ತಿಳಿಯಿತು. ಆದರೆ ಭಕ್ತಿಯಿಂದ ಮಾಡಿದ್ದನ್ನು ಕೆಡುಕೆಂದು ಕರೆಯಲು ನಾಲಗೆ ಏಳಲಿಲ್ಲ. ಮೌನವಾಗಿದ್ದರೆ ನಿಮ್ಮ ಮಗಳು ಹೋಗುತ್ತಾಳೆ, ನುಡಿದರೆ ಹೊನ್ನವ್ವ ನಾಲ್ಕು ಜನರ ಬಾಯಿಗೆ ಬೀಳುತ್ತಾಳೆ. ಯಾವುದು ಧರ್ಮವೆಂದು ತೋಚದೆ ಕುಳಿತಿದ್ದಾಗ, ನನ್ನ ಮುಖ ನೋಡಿಯೇ ಎಲ್ಲವನ್ನೂ ತಿಳಿದ ಆಕೆ ಮರುದಿನ ಸೆರಗು ಹೊದ್ದು ತಾನೇ ಸಭೆಗೆ ಬಂದಳು.

"ಕಂಬ ಕೆಟ್ಟಿದ್ದು ಈ ಕೈಯಿಂದ. ಎಣ್ಣಿ ಹಚ್ಚಿದಾಕಿ ನಾನು. ಆ ಹುಡುಗಿಗೆ ಯಾರೂ ಏನೂ ಅನಬ್ಯಾಡ್ರಿ" ಎಂದಳು. ದುಂಡೇಶ ಗೊಣಗತೊಡಗಿದಾಗ, "ಇರಮಾ, ಆ ನಾಣ್ಯ ಇತ್ತ ಕೊಡವ್ವಾ. ದುಂಡೇಶನ ತಲಿ ಬಡದ ನೋಡೂಣು, ಯಾ ಸಪ್ಪಳ ಬರ್ತೈತಿ" ಎಂದಳು. ಸಭೆ ನಕ್ಕಿತು, ಅವನೂ ನಗಲೇಬೇಕಾಯಿತು. ಕಂಬದ ಎಣ್ಣೆ ತೆಗೆದು ಉಜ್ಜಿ ಹೊಸ ಬಟ್ಟೆ ಸುತ್ತಿದ್ದಾರೆ. ಇಂದು ಮುಂಜಾನೆ ತಟ್ಟಿದಾಗ ಅಡಿಯಿಂದ ಮುಡಿಯವರೆಗೆ ಒಂದೇ ನಾದ. ಇರಮಳ ಅಪ್ಪಣೆ ಪಡೆದು ಹೊನ್ನವ್ವ ಆ ಕಪ್ಪು ಮೈಯ ಮೇಲೆ ಒಣ ವಿಭೂತಿಯ ಗೆರೆ ಎಳೆದಳು.

ನಿಮ್ಮ ಮನೆಯ ದೀಪ ಬೆಳಗುತ್ತಿರಲಿ. ಆ ಮಗುವಿಗೆ ಆಯುಷ್ಯವೂ ಕೀರ್ತಿಯೂ ಕೂಡಿ ಬರಲಿ ಎಂದು ಶಿವನಲ್ಲಿ ಬೇಡುವ,

ನಿಮ್ಮವನೇ ಆದ
ಬಸಂತರಾಯ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಇರಮಳನ್ನು ಬಸ್ಸಿಗೆ ಬಿಡಲು ಹೋದಾಗ ಕೇಳಿದೆ: "ಆ ಹಾಳಿ ಕಿತ್ತಾಕಿ ನೀನ. ಗೆರಿ ಕಾಣ್ಲಿಲ್ಲೇನವ್ವಾ?" "ಕಂಡಿದ್ವು ಕಾಕಾ. ಅದಕ್ಕ ಗ್ವಾಡಿಗೆ ಮಾರಿ ಮಾಡಿ ಇಟ್ಟಿದ್ದೆ." "ಮತ್ತ ಸಭಾದಾಗ ಯಾಕ ಹೇಳ್ಲಿಲ್ಲ?" ಆಕೆ ಬಸ್ಸು ಬರುವ ದಾರಿಯನ್ನೇ ನೋಡುತ್ತ, "ವಿಭೂತಿ ಹಚ್ಚಿದ್ದಕ್ಕ ಕೆಟ್ಟೈತಿ ಅಂತ ನಾ ಅಂದ್ರ, ಎಂಜಿನಿಯರ್ ಅಂದ್ಳು ಅಂತಾರೇನ್ರಿ? ಶಹಾಬುದ್ದೀನನ ಮಗಳು ಅಂದ್ಳು ಅಂತಾರ" ಎಂದಳು. ಹೊನ್ನವ್ವನ ತಟ್ಟೆಯಲ್ಲಿ ಉಂಡು ಬೆಳೆದ ಕೂಸು ಅದು. ನನಗೊಬ್ಬನಿಗಾದರೂ ಯಾಕೆ ಹೇಳಲಿಲ್ಲವೆಂದು ಕೇಳಬೇಕೆಂದುಕೊಂಡೆ. ಬಸ್ಸು ಬಂತು. ಏನು ಉತ್ತರ ಬಂದೀತೋ ಎಂದು ಅಂಜಿ ಕೇಳಲಿಲ್ಲ.