ನೀವು ಓದದೆ ಬಿಟ್ಟ ಸಾಲು

ನನ್ನ ವಾರ್ಡನ್ ಟೀಚರಿಗೆ,

ನಿನ್ನೆ ಕಾಲೇಜಿನಲ್ಲಿ ವಾದ ಮಾಡಲಿಕ್ಕೆ ಎದ್ದು ನಿಂತೆ. ಲಾ ಮೊದಲ ವರ್ಷದವರ ಅಣಕು ನ್ಯಾಯಾಲಯ. ಸರಕಾರವನ್ನು ಟೀಕಿಸಿದ್ದಕ್ಕೆ ಶ್ರಮಶಿಬಿರದಲ್ಲಿ ಕಲ್ಲು ಒಡೆಯುತ್ತಿರುವ ಕೈದಿಯೊಬ್ಬನ ಕಲ್ಪಿತ ಕೇಸು. ಮಾನವ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆ ಹಿಡಿದು ಅವನ ಪರ ವಾದಿಸಬೇಕಾದವಳು ನಾನು. ನನ್ನ ಇಂಗ್ಲಿಷ್ ನಿಮಗೆ ಗೊತ್ತುಂಟಲ್ಲ...

ಎದುರು ಪಕ್ಷದ ಹುಡುಗ, ಕೈದಿ ಮನೆಗೆ ಬರೆದ ಪತ್ರವನ್ನು ಓದಿದ. 'ನಾನು ಕ್ಷೇಮ. ಊಟ ಚೆನ್ನಾಗಿದೆ. ಕೆಲಸ ಕಷ್ಟವಿಲ್ಲ.'

"ಅವನೇ ಬರೆದದ್ದಲ್ವಾ? ಇನ್ನೆಂಥ ಹಿಂಸೆ?" ಅಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನನಗೆ ಮಾತ್ರ ಮೂಡಬಿದಿರೆಯ ನಮ್ಮ ಹಾಸ್ಟೆಲಿನ ಬೋರ್ಡು ಕಂಡಿತು.

ಐದನೇ ಕ್ಲಾಸು, ಭಾನುವಾರ. ಬೋರ್ಡಿನಲ್ಲಿದ್ದದ್ದನ್ನೇ ಎಲ್ಲರೂ ಮನೆಗೆ ಕಳಿಸುವ ಇನ್‌ಲ್ಯಾಂಡ್ ಪತ್ರಕ್ಕೆ ಇಳಿಸಿ, ಅಂಟಿಸದೆ ಕೊಡಬೇಕು. ನೀವು ಓದಿ ಅಂಟಿಸುತ್ತಿದ್ದಿರಿ. 'ನಾನು ಕ್ಷೇಮ. ಊಟ ಚೆನ್ನಾಗಿದೆ.' ನಾನು ಅದರ ಕೆಳಗೆ ಬರೆದೆ: 'ಉಮ್ಮ, ಬಂದು ಕರಕೊಂಡು ಹೋಗು. ನನಗೆ ಇಲ್ಲಿ ಆಗುವುದಿಲ್ಲ.' ನೀವು ಕರೆಸಿದಾಗ ಬೆತ್ತವೇ ಗತಿ ಎಂದುಕೊಂಡೆ.

"ಇದು ನಿನ್ನ ಉಮ್ಮನಿಗಲ್ವಾ ಬರೆದದ್ದು?"

"ಹೌದು ಟೀಚರ್."

"ಮತ್ತೆ ನಾನ್ಯಾಕೆ ಓದುವುದು? ತಗೋ, ನೀನೇ ಅಂಟಿಸು ಮಾರಾಯ್ತಿ. ಗಮ್ಮು ಮೇಜಿಗೆಲ್ಲ ಮೆತ್ತಬೇಡ."

ಮುಂದಿನ ಭಾನುವಾರ ಬೋರ್ಡು ಖಾಲಿ. ಗಮ್ಮಿನ ಬಾಟ್ಲಿ ನಮ್ಮ ಊಟದ ಮೇಜಿನ ಮೇಲೆ.

ನಿನ್ನೆ ಅದನ್ನೇ ಹೇಳಿದೆ, ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಕಾವಲಿನವನು ಓದುತ್ತಾನೆಂದು ಗೊತ್ತಿದ್ದವನ ಪತ್ರದಲ್ಲಿ ಕ್ಷೇಮವಲ್ಲದೆ ಬೇರೇನಿರುತ್ತದೆ? ಯಾರ ಪತ್ರಕ್ಕೂ ಮನಬಂದಂತೆ ಕೈಹಾಕಬಾರದೆಂದು ಆ ಒಡಂಬಡಿಕೆಯಲ್ಲೇ ಉಂಟು. ನೀವು ಅದನ್ನು ಓದಿರಲಿಕ್ಕಿಲ್ಲ, ಆದರೂ... ನ್ಯಾಯಾಧೀಶರಾಗಿ ಕೂತಿದ್ದ ನಮ್ಮ ಸರ್ ಪೆನ್ನು ಕೆಳಗಿಟ್ಟರು. "ಈ ಪತ್ರವನ್ನು ಸಾಕ್ಷ್ಯ ಅಂತ ತಗೊಳ್ಳಲಿಕ್ಕಾಗುವುದಿಲ್ಲ" ಎಂದರು. ಆಗ ಯಾರೂ ನಗಲಿಲ್ಲ.

ಹಾಸ್ಟೆಲನ್ನು ಶಿಬಿರಕ್ಕೆ ಹೋಲಿಸಿದೆನೆಂದು ಬೇಸರಿಸಬೇಡಿ ಟೀಚರ್. ಅಲ್ಲಿ ಕೈದಿಯ ಕೈಗೆ ಗಮ್ಮಿನ ಬಾಟ್ಲಿ ಕೊಡುವವರು ಯಾರಿದ್ದಾರೆ?

ನಾನು ಪಿಯುಸಿಯಲ್ಲಿದ್ದಾಗ ನೀವು ತೀರಿಕೊಂಡಿರಿ. ಒಂದು ವಿಷಯ ನಿಮಗೆ ಗೊತ್ತಾಗದೇ ಹೋಯಿತು. ಗೊತ್ತಾಗುವುದಾದರೂ ಹೇಗೆ, ನೀವು ಮತ್ತೆ ನಮ್ಮ ಪತ್ರ ತೆರೆಯಲೇ ಇಲ್ಲವಲ್ಲ. ಅಂದು ಅಂಟಿಸುವ ಮೊದಲು, ಉಳಿದಿದ್ದ ಜಾಗದಲ್ಲಿ ಇನ್ನೊಂದು ಸಾಲು ಸೇರಿಸಿದ್ದೆ: 'ಉಮ್ಮ, ಈಗ ಬರುವುದು ಬೇಡ. ಇಲ್ಲಿ ಟೀಚರ್ ಇದ್ದಾರೆ.'

ನಿಮ್ಮ,
ವಾಮದಪದವಿನ ಸಫಿಯಾ