ಅಳಿಸಿಹೋದ ಮೊದಲ ತುತ್ತು

ಮಾರ್ಚ್ ೯, ಭಾನುವಾರ

ಅಡುಗೆಯ ಮೊದಲನೇ ವಿಡಿಯೊ ಹಾಕಿದ್ದಾಯ್ತು. ಖುಷಿಯಾಗಬೇಕಿತ್ತು, ಆಗ್ತಿಲ್ಲ.

ಅಮ್ಮ ಆಲೂಗಡ್ಡೆ ಹುರಿದಳು, ನಾನು ಫೋನು ಹಿಡಿದೆ. ಕೊನೆಗೆ ಯಾರಾದರೂ ತಿಂದು "ಚೆನ್ನಾಗಿದೆ" ಅನ್ನಬೇಕಲ್ಲ, ಅದಕ್ಕೆ ಅಪ್ಪನನ್ನು ಹೊಲಿಗೆ ಮಿಷನ್ ಮುಂದಿನಿಂದ ಎಬ್ಬಿಸಿ ಕರೆತಂದೆ. ಅಪ್ಪನದು ಹೊಗಳುವ ಜಾಯಮಾನವೇ ಅಲ್ಲ. ತಾನೇ ಹೊಲಿದ ಅಂಗಿ ಗಿರಾಕಿಗೆ ಒಪ್ಪಿದರೂ "ಹೂಂ" ಅಂತಷ್ಟೇ ಅನ್ನೋನು. ಮೂವತ್ತು ವರ್ಷ ಅಮ್ಮನ ಕೈಯಡುಗೆ ಉಂಡು, ಮಾತಿಲ್ಲದೆ ಎದ್ದುಹೋದವನು.

ಇವತ್ತು ಒಂದು ತುಂಡು ಬಾಯಿಗಿಟ್ಟುಕೊಂಡು, ಫೋನಿನ ಕಡೆ ನೋಡಲೇ ಇಲ್ಲ. ಒಲೆ ಹತ್ತಿರ ನಿಂತಿದ್ದ ಅಮ್ಮನ ಕಡೆ ತಿರುಗಿ, ಮೆಲ್ಲಗೆ, "ಚೆನ್ನಾಗಿದೆ ಕಣೇ" ಅಂದ. ಅಮ್ಮನ ಕೈಲಿದ್ದ ಸೌಟು ಹಾಗೇ ನಿಂತುಬಿಡ್ತು.

ನಾನೆಂಥ ಪೆದ್ದಿ! "ಅಪ್ಪಾ, ಅಲ್ಲಲ್ಲ, ಇಲ್ಲಿ ನೋಡ್ಕೊಂಡು ಹೇಳ್ಬೇಕು. ಇನ್ನೊಂದ್ಸಲ, ಸ್ವಲ್ಪ ಜೋರಾಗಿ" ಅಂದೆ. ಆರು ಸಲ ಹೇಳಿಸಿದೆ. ಆರನೇ ಸಲಕ್ಕೆ ಅಪ್ಪ ಮೇಷ್ಟ್ರಿಗೆ ಪಾಠ ಒಪ್ಪಿಸುವ ಹಾಗೆ ಒದರಿದ. ಅದನ್ನೇ ಹಾಕಿದೆ. ಫೋನಲ್ಲಿ ಜಾಗ ಇಲ್ಲ ಅಂತ ಮಿಕ್ಕಿದ್ದೆಲ್ಲ ಅಳಿಸಿದೆ.

ಊಟ ಆದಮೇಲೆ ಅಮ್ಮ ಕೈ ಒರೆಸಿಕೊಳ್ತಾ ಬಂದು ಪಕ್ಕದಲ್ಲಿ ಕೂತಳು.

"ಆ ಮೊದಲ್ನೇದು ಇದ್ಯೇನೇ? ಯಾರಿಗೂ ಕಳಿಸ್ಬೇಡ. ನನಗೊಂದ್ಸಲ ತೋರ್ಸು, ಸಾಕು."

ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. "ಹುಡುಕ್ತೀನಮ್ಮ" ಅಂದೆ.

ಅಮ್ಮ ಆಚೆ ಕೋಣೆಯಲ್ಲಿ ಕನ್ನಡಕ ಹಾಕಿಕೊಂಡು ಕಾಯ್ತಾ ಕೂತಿದ್ದಾಳೆ.