ಚೇಳು ಹುಡುಕಿದ ಹೊತ್ತು

ಮಾರ್ಚ್ 9, ಬೆಳಿಗ್ಗೆ

ಯಾರೇ ಅದು, ನನ್ನ ಪುಸ್ತಕಕ್ಕೆ ಮೂಗು ತೂರಿಸುವವಳು? ಮುದುಕಿಯ ಕಾಗೆಕಾಲು ಗುಬ್ಬಿಕಾಲು ಓದಿ ಏನು ಕಡಿದು ಗುಡ್ಡೆ ಹಾಕುತ್ತೀ? ಮುಚ್ಚಿಡು. ನಿನ್ನೆಯ ಹಾಳೆಯ ಮೇಲೆ ಎಣ್ಣೆ ಬೆರಳಿನ ಗುರುತು. ಕೂಸಿಗೆ ಎಣ್ಣೆ ಹಚ್ಚುವವಳು ಈ ಮನೆಯಲ್ಲಿ ಒಬ್ಬಳೇ — ಸೊಸೆ. ನಾನೇನು ಕುರುಡಿಯಲ್ಲ.

ಎಲ್ಲರ ಚಪ್ಪಲಿ ಕೊಡವಿದೆ, ಚಾಪೆ ಕೊಡವಿದೆ. ಕಲ್ಲು ಕ್ವಾರಿಯ ಕೂಲಿಯವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆ. ಒಡೆದ ಕಲ್ಲುಚೂರು ಒಟ್ಟಿ ಗೋಡೆ ಅಂದಿದ್ದಾರೆ. ಗಾರೆ ಇಲ್ಲ. ಸಂದಿಗೊಂದು ಚೇಳು.

ಮೊಮ್ಮಗಳು ವಟವಟಿ — ನಿದ್ದೆಯಲ್ಲೂ ಬಾಯಿ ಮುಚ್ಚದವಳು — ಕೇಳಿದಳು, "ಅಜ್ಜೀ, ಚೇಳೂ ಬಾಡಿಗೆ ಕೊಡುತ್ತಾ?"

"ನಮ್ಮನ್ನೇ ಅದು ಬಾಡಿಗೆಗಿಟ್ಕೊಂಡಿರೋದು ಕಣೇ" ಅಂದೆ.

ಮಾರ್ಚ್ 14

ಪಕ್ಕದ ಮನೆಯ, ಬಂಡೆ ಕೊರೆಯುವ ಡ್ರಿಲ್ಲರ್‌ಗೆ ಕುಟುಕಿತು. ಚೇಳನ್ನೂ ಡಬ್ಬಿಯಲ್ಲಿ ಹಿಡಿದು ಆಸ್ಪತ್ರೆಗೆ ಒಯ್ದ. "ಯಾವುದು ಅಂತ ತೋರಿಸ್ದೆ ಔಷಧಿ ಹೆಂಗೆ ಕೊಡ್ತಾರೆ?" ಜೀವ ಉಳಿಯಿತು. ಲೈನಿಗೆಲ್ಲ ಇದೇ ರೂಢಿ, ಮನೆಗೊಂದು ಡಬ್ಬಿ.

ಹೆಲ್ತ್‌ನವರು ಬಂದು, ಮಂಚದ ಮೇಲೆ ಮಲಗಿ ಅಂದು ಹೋದರು. ಮಂಚ ಇಡಲು ಜಾಗವಿದೆಯಾ ಅಂತ ಒಳಗೆ ಬಗ್ಗಿಯೂ ನೋಡಲಿಲ್ಲ.

ಮಾರ್ಚ್ 27

ವಟವಟಿ ಇಲ್ಲ.

ಸಂಜೆ ಪಾದಕ್ಕೆ ಕುಟುಕಿತು. ಚೀರಿದಳು. ಸೊಸೆ, "ಹೋಗೋಣ ನಡೀರಿ" ಅಂದಳು. ಮಗ, "ಇರೇ, ಚೇಳು ಸಿಗ್ಲಿ" ಅಂತ ಗೋಡೆಯ ಕಲ್ಲು ಒಂದೊಂದಾಗಿ ಕಿತ್ತ. ನಾನು ಡಬ್ಬಿ ಹಿಡಿದು ನಿಂತೆ. ಅಷ್ಟರಲ್ಲಿ ಹುಡುಗಿ ಅಳು ನಿಲ್ಲಿಸಿದಳು. ನೋವು ಇಳಿಯಿತು ಅಂದುಕೊಂಡೆವು... ಮೈಯೆಲ್ಲ ಬೆವರು, ಕೈಕಾಲು ತಣ್ಣಗೆ.

ಆಸ್ಪತ್ರೆಯಲ್ಲಿ ನರ್ಸಮ್ಮ ನನ್ನ ಕೈಯ ಡಬ್ಬಿ ನೋಡಿ ತಲೆ ಚಚ್ಚಿಕೊಂಡಳು. "ಚೇಳು ಯಾರಿಗೆ ಬೇಕಿತ್ತು ಅಜ್ಜೀ? ಮಗೂನ ತರಬೇಕಿತ್ತು. ಆಗ್ಲೇ ಬಂದಿದ್ರೆ ಉಳಿಸೋಕೆ ಮಾತ್ರೆ ಇತ್ತು."

ಮಂಚದ ಮಾತಾಡಿದವರು ಈ ಮಾತು ಆಡಲಿಲ್ಲ.

ಏಪ್ರಿಲ್ 6

ಕಿತ್ತ ಕಲ್ಲನ್ನು ಮಗ ಮತ್ತೆ ಜೋಡಿಸಿದ. ಗಾರೆ ಕೇಳಿದರೆ ಸೂಪರ್‌ವೈಸರ್, "ಕಲ್ಲು ಮುಗಿದ್ರೆ ಲೈನೇ ಇರಲ್ಲ, ಗಾರೆ ಯಾಕಮ್ಮ?" ಅಂದ.

ಮನೆಮನೆಗೂ ಹೋಗಿ ಹೇಳಿದೆ — ಡಬ್ಬಿ ಎಸೆಯಿರಿ, ಕುಟುಕಿದ ಕೂಡಲೇ ಓಡಿ. ಡ್ರಿಲ್ಲರ್ ಹೆಂಡತಿ ನನ್ನ ಬೆನ್ನ ಹಿಂದೆ, "ಪಾಪ, ಅಜ್ಜಿಗೆ ತಲೆ ನಿಲ್ತಿಲ್ಲ" ಅಂದಳು. ಅವಳ ಡಬ್ಬಿ ಅಲ್ಲೇ ಇದೆ, ಬಾಗಿಲ ಹಿಂದೆ.

ಏಪ್ರಿಲ್ 19

ಸೊಸೆ ಯಾರೊಂದಿಗೂ ಮಾತಾಡುವುದಿಲ್ಲ. ಆದರೆ ಹಿಂದಿನ ಹಾಳೆಯಲ್ಲಿ ಎಣ್ಣೆ ಬೆರಳು. ಓದುತ್ತಿದ್ದೀ. ಓದು ತಾಯಿ, ಇನ್ನು ಬಯ್ಯುವುದಿಲ್ಲ.

ಕೂಸು ಇವತ್ತು ಹೊಟ್ಟೆಯ ಮೇಲೆ ತೆವಳಿತು. ಚಾಪೆ ದಾಟಿ ಗೋಡೆಯ ಸಂದಿಗೆ ಕೈ ಚಾಚಿತು. ಎಳೆದುಕೊಂಡೆ. ಎಷ್ಟು ಸಲ ಎಳೆದುಕೊಳ್ಳಲಿ? ಮುಂದಿನ ತಿಂಗಳು ಅಂಬೆಗಾಲು.

ಕೂಸನ್ನು ಎತ್ತಿಕೊಂಡು ತವರಿಗೆ ಹೊರಡು. ಗಂಡ ಕೂಗಾಡಿದರೆ ನಾನು ನೋಡಿಕೊಳ್ಳುತ್ತೇನೆ. ಬಾಯಿ ಬಿಡಲಾಗದಿದ್ದರೆ ಬೇಡ, ಇಲ್ಲೇ ಬರೆ. ಹೋಗುತ್ತೀಯೋ ಇಲ್ಲವೋ. ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬೇಕು. ಕೆಳಗೆ ಜಾಗ ಬಿಟ್ಟಿದ್ದೇನೆ —